ಮನೆಯ ಅರಬ್ಬಿ, ಪುಸ್ತಕದ ಅರಬ್ಬಿ

ಕೈರೋದ ಮಗು ಮನೆಯಲ್ಲಿ ರೊಟ್ಟಿಗೆ ‘ಐಶ್’ ಎನ್ನುತ್ತದೆ. ಶಾಲೆಯ ಪುಸ್ತಕದಲ್ಲಿ ಅದು ‘ಖುಬ್ಜ್’. ಆಡುಮಾತಿಗೂ ಬರಹಕ್ಕೂ ಅಂತರ ಕನ್ನಡದಲ್ಲೂ ಇದೆ. ಆದರೆ ಅರಬ್ಬಿಯಲ್ಲಿ ಪದ, ಉಚ್ಚಾರ, ವ್ಯಾಕರಣ ಮೂರರಲ್ಲೂ ಅದು ಬಹಳ ದೊಡ್ಡದು. ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯೂಸನ್ 1959ರಲ್ಲೇ ಇದನ್ನು ವಿವರವಾಗಿ ಗುರುತಿಸಿದ್ದರು. ಜೊತೆಗೆ ಲಿಪಿಯ ತೊಡಕು. ಒಂದೇ ಆಕಾರದ ಕೆಳಗೆ ಒಂದು ಚುಕ್ಕೆಯಿದ್ದರೆ ‘ಬ’, ಮೇಲೆ ಎರಡಿದ್ದರೆ ‘ತ’. ಹ್ರಸ್ವ ಸ್ವರಗಳ ಗುರುತುಗಳು ಆರಂಭದ ಪಾಠಗಳಲ್ಲಿರುತ್ತವೆ, ಮೇಲಿನ ತರಗತಿಗಳಲ್ಲಿ ಬಿಟ್ಟುಹೋಗುತ್ತವೆ. ಆಗ ಕ್, ತ್, ಬ್ ಎಂಬ ಮೂರು ಅಕ್ಷರಗಳನ್ನು ‘ಬರೆದನು’ ಎಂಬರ್ಥದ ‘ಕತಬ’ ಎಂದೂ ಓದಬಹುದು, ‘ಪುಸ್ತಕಗಳು’ ಎಂಬರ್ಥದ ‘ಕುತುಬ್’ ಎಂದೂ ಓದಬಹುದು. ಯಾವುದು ಸರಿ ಎಂದು ತಿಳಿಯಲು ಇಡೀ ವಾಕ್ಯ ಅರ್ಥವಾಗಬೇಕು. ಅದಕ್ಕೆ ಆ ಭಾಷೆ ಮೊದಲೇ ಕಿವಿಗೆ ಬಿದ್ದಿರಬೇಕು.

ಸಂಶೋಧನೆಯೂ ಇದನ್ನೇ ಹೇಳುತ್ತದೆ. ಆಡುಮಾತಿನಲ್ಲಿಲ್ಲದ ಧ್ವನಿಗಳನ್ನು ಬಿಡಿಸಿ ಗುರುತಿಸುವುದು ಮಕ್ಕಳಿಗೆ ಹೆಚ್ಚು ಕಷ್ಟವೆಂದು ಎಲಿನೋರ್ ಸಯೆಘ್-ಹದ್ದಾದ್ ತೋರಿಸಿದ್ದಾರೆ. ಶಾಲೆಗೆ ಸೇರುವ ಮುನ್ನವೇ ಪುಸ್ತಕದ ಭಾಷೆಯಾದ ಶಿಷ್ಟ ಅರಬ್ಬಿಯ ಕಥೆಗಳನ್ನು ಕೇಳಿದ ಮಕ್ಕಳು ಮುಂದೆ ಓದಿದ್ದನ್ನು ಚೆನ್ನಾಗಿ ಗ್ರಹಿಸಿದರೆಂದು ಸಲೀಂ ಅಬು-ರಬಿಯಾ 2000ದಲ್ಲಿ ವರದಿ ಮಾಡಿದರು. ನಾಲ್ಕನೇ ತರಗತಿಯ ಮಕ್ಕಳ ಅಂತರರಾಷ್ಟ್ರೀಯ ಓದಿನ ಪರೀಕ್ಷೆ ‘ಪರ್ಲ್ಸ್’ನಲ್ಲಿ, 500 ಮಧ್ಯಬಿಂದುವಾಗಿದ್ದಾಗ, 2016ರಲ್ಲಿ ಮೊರಾಕ್ಕೊ ಪಡೆದದ್ದು 358, ಈಜಿಪ್ಟ್ 330. ಬಡತನ, ತುಂಬಿದ ತರಗತಿಗಳೂ ಈ ಕಡಿಮೆ ಅಂಕಗಳಿಗೆ ಕಾರಣ, ನಿಜ. ಆದರೆ ಬಡತನ ನೀಗುವವರೆಗೆ ಕಾಯದೆ ಇಂದೇ ಮಾಡಬಹುದಾದ ಕೆಲಸವೆಂದರೆ ಪುಟ್ಟ ಮಕ್ಕಳಿಗೆ ಕಥೆ ಓದಿ ಹೇಳುವುದು.

ಹಾಗಾದರೆ ಆಡುಮಾತಿನಲ್ಲೇ ಕಲಿಸಬಾರದೇಕೆ ಎಂದು ಕೇಳುವವರಿದ್ದಾರೆ. ಮೊರಾಕ್ಕೊದಿಂದ ಇರಾಕ್‌ವರೆಗಿನ ಓದುಗರನ್ನು ಬೆಸೆಯುವುದು ಶಿಷ್ಟ ಅರಬ್ಬಿಯೇ. ಅದನ್ನು ಕೈಬಿಟ್ಟರೆ ಮಕ್ಕಳ ಪಾಲಿಗೆ ದೊಡ್ಡದೊಂದು ಗ್ರಂಥಭಂಡಾರವೇ ಮುಚ್ಚಿಹೋಗುತ್ತದೆ. ಆಡುಮಾತನ್ನು ಹೀಗಳೆಯದೆ ಅದರ ಮೂಲಕವೇ ಪುಸ್ತಕದ ಭಾಷೆಗೆ ದಾಟಿಸುವುದು ಜಾಣತನ. ಕೆಲಸ ಸಿಗಲು ಇಂಗ್ಲಿಷ್ ಬೇಕು, ಅದರಿಂದಲೇ ಶುರುಮಾಡೋಣ ಎಂಬುದು ಇನ್ನೊಂದು ವಾದ. ಇಂಗ್ಲಿಷ್ ಬೇಕೆಂಬುದು ಸರಿ. ಆದರೆ ಅದು ಸುಲಭದ ದಾರಿಯಲ್ಲ. 2003ರಲ್ಲಿ ಪ್ರಕಟವಾದ ಯುರೋಪಿನ ಹೋಲಿಕೆಯಲ್ಲಿ, ಮೊದಲ ವರ್ಷದ ಕೊನೆಗೆ ಇಂಗ್ಲಿಷ್ ಓದುವ ಸ್ಕಾಟ್ಲೆಂಡಿನ ಮಕ್ಕಳು ಸರಿಯಾಗಿ ಓದಿದ್ದು ಪರಿಚಿತ ಪದಗಳ ಮೂರನೇ ಒಂದು ಭಾಗವನ್ನಷ್ಟೇ. ಫಿನ್‌ಲೆಂಡಿನ ಮಕ್ಕಳು ತಮ್ಮ ಭಾಷೆಯಲ್ಲಿ ಬಹುತೇಕ ಎಲ್ಲವನ್ನೂ ಓದಿದರು. ಮನೆಭಾಷೆಯವರಿಗೇ ಹೀಗಿರುವಾಗ, ಅರಬ್ಬಿ ಓದೇ ಕುದುರದ ಮಗುವಿನ ಮೇಲೆ ಅದನ್ನು ಹೇರುವುದು ಎರಡು ಹೊರೆ ಹೊರಿಸಿದಂತೆ. ಒಂದು ಭಾಷೆಯಲ್ಲಿ ಬಲಿತ ಓದಿನ ಸಾಮರ್ಥ್ಯ ಇನ್ನೊಂದಕ್ಕೂ ನೆರವಾಗುತ್ತದೆಂದು ಭಾಷಾ ಶಿಕ್ಷಣದ ಸಂಶೋಧಕ ಜಿಮ್ ಕಮಿನ್ಸ್ 1979ರಿಂದಲೇ ವಾದಿಸುತ್ತಾ ಬಂದಿದ್ದಾರೆ. ಅರಬ್ಬಿ ಗಟ್ಟಿಯಾದರೆ ಇಂಗ್ಲಿಷಿಗೆ ನಷ್ಟವಿಲ್ಲ, ಲಾಭವೇ ಇದೆ. ಸರ್ಕಾರಗಳು ಮೊದಲು ಹಣ ಹೂಡಬೇಕಾದದ್ದು ಶಿಶುವಿಹಾರದ ಕಥೆಪುಸ್ತಕಗಳ ಮೇಲೆ, ಅವನ್ನು ಓದಿ ಹೇಳಬಲ್ಲ ಶಿಕ್ಷಕಿಯರ ತರಬೇತಿಯ ಮೇಲೆ.