ಗೌಜಲಹಕ್ಕಿಯ ಮೊಟ್ಟೆ ಮರಿಯಾಗದಿದ್ದರೆ...

ನಮ್ಮ ಮನೆಗಳಲ್ಲಿ ಸಾಕುವ ಗೌಜಲಹಕ್ಕಿ (ಮಲಯಾಳದಲ್ಲಿ 'ಕಾಡ') ಜಪಾನ್ ತಳಿಯದು. 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತರಿಸಿದ ಹಕ್ಕಿಗಳಿಂದ ಇದರ ಸಾಕಣೆ ನಮ್ಮ ದೇಶದಲ್ಲಿ ಹರಡಿತು. ಇದು ಕಾವು ಕೂರುವುದಿಲ್ಲ. ಆದ್ದರಿಂದ ಇನ್‌ಕ್ಯುಬೇಟರೇ ಗತಿ.

ತಿನ್ನುವ ಮೊಟ್ಟೆಗೆ ಗಂಡು ಹಕ್ಕಿಯೇ ಬೇಕಿಲ್ಲ. ಆದರೆ ಮರಿಯಾಗಬೇಕಾದ ಮೊಟ್ಟೆಯಲ್ಲಿ 17-18 ದಿನಗಳಿಗೆ ಸಾಕಾಗುವಷ್ಟು ಜೀವಸತ್ವವನ್ನು ತಾಯಿ ಹಕ್ಕಿ ಮೊದಲೇ ತುಂಬಿಡಬೇಕು. ಮರಿ ಕಡಿಮೆಯಾದ ಕೂಡಲೇ ಹಲವರು ಟಾನಿಕ್ ಬಾಟಲಿ ತರುತ್ತಾರೆ. ಏನು ಕೊರತೆಯೆಂದು ತಿಳಿಯದೆ ಕೊಟ್ಟರೆ ಹಣ ದಂಡ.

ಮೊದಲು ನೋಡಬೇಕಾದದ್ದು

ಒಂದು ಗಂಡಿಗೆ ಎರಡು ಮೂರು ಹೆಣ್ಣು ಸಾಕು. ಒಂದೇ ತಾಯಿಯ ಮರಿಗಳನ್ನು ಜೋಡಿ ಮಾಡಬೇಡಿ. ರಕ್ತಸಂಬಂಧದ ಕೂಡಿಕೆಯಿಂದ ಈ ಹಕ್ಕಿಯ ಫಲ ಬೇಗನೆ ಕುಸಿಯುತ್ತದೆ. ದಿನಕ್ಕೆ 14ರಿಂದ 16 ಗಂಟೆ ಬೆಳಕಿರಲಿ. ಮೊಟ್ಟೆಗಳನ್ನು ತಂಪು ಜಾಗದಲ್ಲಿಟ್ಟು ವಾರದೊಳಗೆ ಕಾವಿಗಿಡಿ.

ಮರಿಯಾಗದ ಮೊಟ್ಟೆ ಒಡೆದು ನೋಡಿ

ಒಳಗೆ ಭ್ರೂಣದ ಗುರುತೇ ಇಲ್ಲದಿದ್ದರೆ ಹೆಚ್ಚಾಗಿ ಗಂಡಿನ ಕಡೆಯ ದೋಷ. 'ಇ' ಜೀವಸತ್ವ ಬಹುಕಾಲ ಕಡಿಮೆಯಾದರೆ ಗಂಡಿನ ವೃಷಣ ಕೆಡುತ್ತದೆ. ಹೆಣ್ಣಿಗೆ ಕಡಿಮೆಯಾದರೆ ಭ್ರೂಣ ಮೊದಲ ದಿನಗಳಲ್ಲೇ ಸಾಯುತ್ತದೆ. ನಡುವೆ ಸತ್ತ ಭ್ರೂಣದ ತುಪ್ಪುಳು ಸುರುಟಿಕೊಂಡು ಗಂಟುಗಂಟಾಗಿದ್ದರೆ 'ಬಿ2' ಕೊರತೆಯನ್ನು ಸಂಶಯಿಸಬಹುದು. ಸಿಪ್ಪೆ ತೆಳುವಾಗಿದ್ದರೆ ಸುಣ್ಣದ ಅಂಶ ಅಥವಾ 'ಡಿ3' ಸಾಲದು. ಪೂರ್ತಿ ಬೆಳೆದು ಒಡೆದು ಬರಲಾರದೆ ಸತ್ತಿದ್ದರೆ ಇನ್‌ಕ್ಯುಬೇಟರಿನ ತೇವ, ಬಿಸಿ, ಮೊಟ್ಟೆ ತಿರುಗಿಸುವ ಕ್ರಮ ಇವನ್ನು ಪರೀಕ್ಷಿಸಿ.

ಏನು, ಎಷ್ಟು?

ಮರಿಗೆಂದು ಸಾಕುವ ಹಕ್ಕಿಯ ಆಹಾರದಲ್ಲಿ ಶೇ. 20 ಸಸಾರಜನಕ, ಶೇ. 2.5 ಕ್ಯಾಲ್ಸಿಯಂ, ಕಿಲೋಗೆ 25 ಯೂನಿಟ್ 'ಇ' ಜೀವಸತ್ವ, 4 ಮಿಲಿಗ್ರಾಂ 'ಬಿ2' ಇರಬೇಕೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಸೂಚಿಸಿದೆ. ದೊಡ್ಡ ಹಕ್ಕಿ ದಿನಕ್ಕೆ ತಿನ್ನುವುದು 25-30 ಗ್ರಾಂ ಮಾತ್ರ. ಅಷ್ಟರಲ್ಲೇ ಇದೆಲ್ಲ ಸಿಗಬೇಕು. ಬರೀ ತವಡು, ನುಚ್ಚಕ್ಕಿಯಿಂದ ಇದು ಆಗದು. ಮನೆಯಲ್ಲೇ ಮಿಶ್ರಣ ಮಾಡುವವರು 100 ಕಿಲೋಗೆ 6-7 ಕಿಲೋ ಮರುವಾಯಿ ಚಿಪ್ಪಿನ ಪುಡಿ ಸೇರಿಸಬಹುದು. ಅಂಗಡಿಯ ಲೇಯರ್ ಆಹಾರಕ್ಕೆ ಮತ್ತೆ ಚಿಪ್ಪು ಬೇಡ. ಎಳೆ ಮರಿಗಳಿಗೂ ಈ ಮಿಶ್ರಣ ಬೇಡ. ಅತಿಯಾದ ಸುಣ್ಣ ಅವುಗಳ ಮೂತ್ರಪಿಂಡ ಕೆಡಿಸುತ್ತದೆ. ನುಗ್ಗೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಕೊಟ್ಟರೆ 'ಎ' ಜೀವಸತ್ವಕ್ಕೆ ಒಳ್ಳೆಯದು. 'ಇ' ಜೀವಸತ್ವದ ಜೊತೆ ಸೆಲೆನಿಯಂ ಇರುವ ಪುಡಿಯನ್ನು ಪಶುವೈದ್ಯರು ಹೇಳಿದಷ್ಟೇ ಕೊಡಿ; ಸ್ವಲ್ಪ ಹೆಚ್ಚಾದರೂ ಸೆಲೆನಿಯಂ ವಿಷ.

ಮಳೆಗಾಲದ ಎಚ್ಚರಿಕೆ

ಕಮಟು ಹಿಡಿದ ಒಣಮೀನಿನ ಪುಡಿ, ಹಳೆಯ ತವಡು ಇವು ಆಹಾರದಲ್ಲಿರುವ 'ಇ' ಜೀವಸತ್ವವನ್ನೇ ಹಾಳುಮಾಡುತ್ತವೆ. ಬೂಸ್ಟು ಬಂದ ನೆಲಗಡಲೆ ಹಿಂಡಿಯಲ್ಲಿ ವಿಷವಿರಬಹುದು. ಇಂಥ ಆಹಾರ ಹಾಕುತ್ತಾ ಟಾನಿಕ್ ಕೊಡುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಎರಡು ಮೂರು ವಾರಕ್ಕೆ ಬೇಕಾದಷ್ಟೇ ತಂದು, ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ.

ಆಹಾರ ಬದಲಿಸಿದ ಫಲ ಕಾಣಲು ಕನಿಷ್ಠ ಎರಡು ವಾರ ಬೇಕು. ಅರ್ಧ ಗೂಡುಗಳಿಗೆ ಮಾತ್ರ ಹೊಸ ಪೂರಕ ಕೊಟ್ಟು, ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಎರಡೂ ಕಡೆಯ ಮರಿ ಎಣಿಸಿ. ಆ ಖರ್ಚು ಮುಂದುವರಿಸಬೇಕೇ ಬೇಡವೇ ಎಂಬುದು ಆಗ ನಿಮಗೇ ತಿಳಿಯುತ್ತದೆ.