ಸ್ವಿಚ್ ಪೆಟ್ಟಿಗೆಯ ನಾಡಿ ಹಿಡಿಯುವ ಕಮಾಂಡ್

ಬ್ಯಾಂಕ್ ಕೌಂಟರಿನ ಗಾಜಿಗೆ ‘ಸರ್ವರ್ ಡೌನ್’ ಎಂಬ ಚೀಟಿ ಬಿದ್ದೊಡನೆ ಸರತಿಯಲ್ಲಿ ನಿಂತವರು ಸರ್ವರನ್ನೇ ಶಪಿಸುತ್ತಾರೆ. ಕೆಲವೊಮ್ಮೆ ಸರ್ವರ್ ಪಾಪ, ತನ್ನಷ್ಟಕ್ಕೆ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೂ ಕೌಂಟರಿನ ಕಂಪ್ಯೂಟರಿಗೂ ನಡುವೆ ಇರುವ ನೆಟ್‌ವರ್ಕ್ ಸ್ವಿಚ್ ಕಣ್ಣು ಮುಚ್ಚಿರುತ್ತದೆ. ಹಾಗೆ ನಿಂತ ಸ್ವಿಚ್ ತನ್ನ ಕಾಯಿಲೆಯನ್ನು ವಾರಗಳ ಹಿಂದೆಯೇ ಹೇಳಲು ಸಿದ್ಧವಿದ್ದಿರಬಹುದು. ಕೇಳುವವರು ಇರಲಿಲ್ಲ, ಅಷ್ಟೇ.

ಚಾಸಿಸ್ ಎಂದೊಡನೆ ನಮಗೆ ನೆನಪಾಗುವುದು ಲಾರಿ. ನೆಟ್‌ವರ್ಕ್ ತಂತ್ರಜ್ಞರ ಬಾಯಲ್ಲಿ ಅದು ಲೋಹದ ಪೆಟ್ಟಿಗೆ. ಸಿಸ್ಕೋ ಕಂಪನಿ 1999ರಲ್ಲಿ ಮಾರುಕಟ್ಟೆಗೆ ತಂದ ಕ್ಯಾಟಲಿಸ್ಟ್ 6500 ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. 3ರಿಂದ 13 ಸ್ಲಾಟ್‌ಗಳವರೆಗಿನ ಪೆಟ್ಟಿಗೆಗಳು, ಸ್ಲಾಟ್‌ಗಳಲ್ಲಿ ಕೂರುವ ಕಾರ್ಡ್‌ಗಳು, ಅವುಗಳನ್ನು ಆಳುವ ಸೂಪರ್‌ವೈಸರ್ ಕಾರ್ಡ್, ಫ್ಯಾನುಗಳ ತಟ್ಟೆ, ಮತ್ತು ಎರಡು ಪವರ್ ಸಪ್ಲೈ.

ಅಪಾಯ ಅಡಗಿರುವುದು ಆ ‘ಎರಡು’ ಎಂಬಲ್ಲಿಯೇ. ಒಂದು ಪವರ್ ಸಪ್ಲೈ ಸತ್ತರೆ ಇನ್ನೊಂದು ಹೊರೆ ಹೊರುತ್ತದೆ. ಕೌಂಟರಿನಲ್ಲಿ ಹಣ ಎಣಿಸುವವರಿಗಾಗಲಿ, ಮೇಲಧಿಕಾರಿಗಾಗಲಿ ಏನೂ ಗೊತ್ತಾಗುವುದಿಲ್ಲ. ಬೀಗ ಹಾಕಿದ ಕೋಣೆಯಲ್ಲಿ ಸಣ್ಣ ದೀಪವೊಂದು ಬಣ್ಣ ಬದಲಿಸಿರುತ್ತದೆ. ಅಂದಿನಿಂದ ಇಡೀ ಕಚೇರಿ ಒಂಟಿ ಕಾಲಿನ ಮೇಲೆ ನಿಂತಂತೆ. ಚೀಟಿ ಅಂಟುವುದು ಎರಡನೆಯದೂ ಕೈಕೊಟ್ಟ ದಿನ.

ಇದನ್ನು ಕಂಡುಹಿಡಿಯಲು ಕೋಣೆಯ ಬೀಗ ತೆಗೆಯಬೇಕಾಗಿಲ್ಲ. ತಂತ್ರಜ್ಞರು ತಮ್ಮ ಕುರ್ಚಿಯಿಂದಲೇ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಸ್ವಿಚ್ ಒಳಹೊಕ್ಕು, ಕಮಾಂಡ್ ಲೈನಿನಲ್ಲಿ ‘ಶೋ ಎನ್ವಿರಾನ್ಮೆಂಟ್’ ಎಂದು ಬರೆದರೆ ಸಾಕು. ಫ್ಯಾನು ತಿರುಗುತ್ತಿದೆಯೇ, ಪವರ್ ಸಪ್ಲೈ ಸರಿ ಇದೆಯೇ, ಒಳಗಿನ ಬಿಸಿ ಎಷ್ಟು ಎಂಬುದು ಪರದೆಗೆ ಬರುತ್ತದೆ. ಜೂನಿಪರ್ ಕಂಪನಿಯ ಸ್ವಿಚ್‌ಗಳಲ್ಲಿ ಇದೇ ಕೆಲಸಕ್ಕೆ ‘ಶೋ ಚಾಸಿಸ್ ಎನ್ವಿರಾನ್ಮೆಂಟ್’ ಎಂಬ ಆದೇಶವಿದೆ. ಅವಸರದಲ್ಲಿರುವವರು ‘ಶೋ ಚಾಸಿಸ್ ಅಲಾರಮ್ಸ್’ ಎಂದರೆ, ಎಚ್ಚರಿಕೆಗಳು ಇದ್ದಲ್ಲಿ ಅವಷ್ಟೇ ಕಾಣುತ್ತವೆ. ‘ಶೋ’ ಎಂದು ಆರಂಭವಾಗುವ ಈ ಆದೇಶಗಳು ಸ್ಥಿತಿಯನ್ನು ತೋರಿಸುತ್ತವೆಯೇ ಹೊರತು ಸ್ವಿಚ್‌ನ ವ್ಯವಸ್ಥೆಯನ್ನು ಬದಲಿಸುವುದಿಲ್ಲ. ಹೀಗಾಗಿ ಹೊಸಬರೂ ಅಂಜಬೇಕಿಲ್ಲ.

ಉತ್ತರವನ್ನು ಓದುವುದರಲ್ಲಿ ಮಾತ್ರ ಜಾಣ್ಮೆ ಬೇಕು. ಎರಡೂ ಪವರ್ ಸಪ್ಲೈ ‘ಓಕೆ’ ಎಂದ ಮಾತ್ರಕ್ಕೆ ನೆಮ್ಮದಿ ಪಡುವಂತಿಲ್ಲ. ಕ್ಯಾಟಲಿಸ್ಟ್ 6500ರಲ್ಲಿ ‘ಶೋ ಪವರ್’ ಎಂದರೆ ಅವೆರಡೂ ಯಾವ ಕ್ರಮದಲ್ಲಿ ದುಡಿಯುತ್ತಿವೆ ಎಂಬುದು ತಿಳಿಯುತ್ತದೆ. ‘ರಿಡಂಡೆಂಟ್’ ಎಂದಿದ್ದರೆ ಒಂದಕ್ಕೆ ಇನ್ನೊಂದು ಆಸರೆ. ‘ಕಂಬೈನ್ಡ್’ ಎಂದಿದ್ದರೆ ಎರಡರ ಶಕ್ತಿಯನ್ನೂ ಕೂಡಿಸಿ ಬಳಸಲಾಗುತ್ತಿದೆ ಎಂದರ್ಥ. ಆಗ ಒಂದು ಹೋಗಿ, ಉಳಿದದ್ದು ಸಾಲದೆ ಬಂದರೆ ಸ್ವಿಚ್ ತಾನೇ ಕೆಲವು ಕಾರ್ಡ್‌ಗಳ ವಿದ್ಯುತ್ ಕಡಿತಗೊಳಿಸುತ್ತದೆ. ಮನೆಯಲ್ಲಿ ಇಬ್ಬರ ಸಂಬಳವೂ ಕಂತಿಗೇ ಸರಿಹೋಗುತ್ತಿದ್ದಾಗ ಒಬ್ಬರ ಕೆಲಸ ಹೋದಂತೆ. ಇನ್ನು ಎರಡೂ ವೈರುಗಳನ್ನು ಒಂದೇ ಯುಪಿಎಸ್‌ಗೆ ಚುಚ್ಚಿಟ್ಟ ಪ್ರಮಾದವನ್ನು ಈ ಯಾವ ಆದೇಶವೂ ಹೇಳದು. ಅದಕ್ಕೆ ಎದ್ದು ಹೋಗಿ ನೋಡುವುದೊಂದೇ ದಾರಿ.

ಬಿಸಿಯ ಲೆಕ್ಕವೂ ಹಾಗೆಯೇ. ಸ್ವಿಚ್‌ನ ಒಳಗೆ 45 ಡಿಗ್ರಿ ಎಂದು ಕಂಡೊಡನೆ ಗಾಬರಿಯಾಗಬೇಕಿಲ್ಲ. ಅನೇಕ ಮಾದರಿಗಳಲ್ಲಿ ಬಿಸಿಯ ಪಕ್ಕದಲ್ಲಿಯೇ ಹಳದಿ ಮತ್ತು ಕೆಂಪು ಮಿತಿಗಳೂ ಇರುತ್ತವೆ, ಹೋಲಿಸಬೇಕಾದದ್ದು ಅವುಗಳೊಂದಿಗೆ. ಅದಕ್ಕಿಂತ ಮುಖ್ಯವಾದುದು ನಿನ್ನೆ ಎಷ್ಟಿತ್ತು ಎಂಬ ಪ್ರಶ್ನೆ. ದಿನವೂ 38 ತೋರಿಸುತ್ತಿದ್ದ ಪೆಟ್ಟಿಗೆ ಸೋಮವಾರ ಬೆಳಿಗ್ಗೆ 47 ತೋರಿಸಿದರೆ, ಮಿತಿ ಇನ್ನೂ ದೂರವಿದ್ದರೂ ಕಾರಣ ಹುಡುಕಬೇಕು. ಭಾನುವಾರ ಎಸಿ ಆರಿಸಿ ಹೋಗಿರಬಹುದು, ಫ್ಯಾನಿನ ಬಾಯಿಗೆ ಧೂಳು ಕಟ್ಟಿರಬಹುದು, ಗಾಳಿ ಹೊರಬರುವ ಕಡೆ ಯಾರೋ ರಟ್ಟಿನ ಪೆಟ್ಟಿಗೆ ಒಟ್ಟಿರಬಹುದು. ಕೊನೆಯದು ನಗು ಬರಿಸಿದರೂ ಅಪರೂಪದ ಸಂಗತಿಯೇನಲ್ಲ.

ನೂರು ಸ್ವಿಚ್‌ಗಳಿರುವ ಕಡೆ ಪ್ರತಿಯೊಂದರ ಬಳಿಯೂ ಹೀಗೆ ಕೇಳುತ್ತ ಕೂರಲಾಗದು. ಅಲ್ಲಿಗೆ ನೆರವಾಗುವುದು 1988ರಲ್ಲಿ ರೂಪುಗೊಂಡ ಎಸ್‌ಎನ್‌ಎಂಪಿ ಎಂಬ ನಿಯಮಾವಳಿ. ‘ಎಸ್‌ಎನ್‌ಎಂಪಿವಾಕ್’ ಎಂಬ ಉಚಿತ ಕಮಾಂಡ್ ಲೈನ್ ಉಪಕರಣ ಇದೇ ಮಾಹಿತಿಯನ್ನು ದೂರದಿಂದಲೇ ಒಟ್ಟುಗೂಡಿಸುತ್ತದೆ. ಐದು ನಿಮಿಷಕ್ಕೊಮ್ಮೆ ತಾನಾಗಿಯೇ ನಡೆಯುವಂತೆ ಅದನ್ನು ಹೊಂದಿಸಲೂಬಹುದು. ‘ತೊಂದರೆಯಾದಾಗ ಸ್ವಿಚ್ಚೇ ಟ್ರ್ಯಾಪ್ ಸಂದೇಶ ಕಳಿಸುತ್ತದಲ್ಲ, ನಾವೇಕೆ ಕೇಳಬೇಕು’ ಎನ್ನುವವರೂ ಇದ್ದಾರೆ. ಆದರೆ ಆ ಸಂದೇಶ ಸಾಮಾನ್ಯವಾಗಿ ಯುಡಿಪಿ ಮೂಲಕ ಹೋಗುತ್ತದೆ. ಮಾಮೂಲಿ ಅಂಚೆಯಂತೆ, ದಾರಿಯಲ್ಲಿ ಕಳೆದುಹೋದರೆ ಕಳಿಸಿದವರಿಗೂ ಗೊತ್ತಾಗದು.

ದೋಷ ಸಿಕ್ಕ ಮೇಲೆ ‘ಶೋ ಇನ್ವೆಂಟರಿ’ ಆದೇಶದಿಂದ ಆ ಭಾಗದ ಸಂಖ್ಯೆಯನ್ನೂ ಸೀರಿಯಲ್ ನಂಬರನ್ನೂ ಪಡೆದು ಬದಲಿ ಭಾಗ ತರಿಸಬಹುದು. ದೊಡ್ಡ ಚಾಸಿಸ್‌ಗಳಲ್ಲಿ ಸ್ವಿಚ್ ಆರಿಸದೆಯೇ ಪವರ್ ಸಪ್ಲೈ ಬದಲಿಸಲು ಸಾಧ್ಯ. ಬಳಿಕ ಬರುವ ಪ್ರಶ್ನೆ, ಅದು ಸತ್ತದ್ದು ಯಾವಾಗ? ‘ಶೋ ಲಾಗಿಂಗ್’ ಎಂದರೆ ದಾಖಲೆ ಸಿಗಬೇಕು. ಆದರೆ ಆ ದಾಖಲೆ ಇರುವುದು ವಿದ್ಯುತ್ ಹೋದರೆ ಅಳಿಸಿಹೋಗುವ ಸ್ಮೃತಿಯಲ್ಲಿ. ಎರಡನೆಯ ಪವರ್ ಸಪ್ಲೈ ಕೂಡ ಸತ್ತಿದ್ದರೆ ಸಾಕ್ಷಿಯೂ ಅದರೊಂದಿಗೇ ಹೋಯಿತು. ಇದಕ್ಕಾಗಿಯೇ ಅನುಭವಸ್ಥರು ಲಾಗ್ ಪ್ರತಿಯನ್ನು ಬೇರೊಂದು ಕಂಪ್ಯೂಟರಿಗೆ ರವಾನಿಸುತ್ತಾರೆ. ಸ್ವಿಚ್‌ನ ಗಡಿಯಾರವನ್ನೂ ಎನ್‌ಟಿಪಿ ಮೂಲಕ ಸರಿಹೊಂದಿಸಿರುತ್ತಾರೆ. ಹಾಗೆ ಮಾಡದಿದ್ದಲ್ಲಿ, ಒಳಗೆ ಬ್ಯಾಟರಿ ಗಡಿಯಾರವಿಲ್ಲದ ಸಿಸ್ಕೋ ಸ್ವಿಚ್‌ಗಳು ಮತ್ತೆ ಆನ್ ಆದಾಗ ತಮ್ಮ ದಿನಾಂಕವನ್ನು 1993ರ ಮಾರ್ಚ್ 1 ಎಂದೇ ತೋರಿಸುತ್ತವೆ.