ಶರ್ಮಿಳಾ ಹತ್ತದ ರೈಲು, ಅಪ್ಪ ಹತ್ತಿದ ರೈಲು!

ಶರ್ಮಿಳಾ ಟ್ಯಾಗೋರ್ ಆ ರೈಲನ್ನು ಹತ್ತಲೇ ಇಲ್ಲ!

ಯಾವ ರೈಲು ಅಂತೀರಾ? 1969ರ 'ಆರಾಧನಾ' ನೋಡಿದವರು ಹಾಗೆ ಕೇಳೋದಿಲ್ಲ. ಬೆಟ್ಟದ ದಾರಿಯಲ್ಲಿ ಬುಸುಗುಡುತ್ತಾ ಏರುವ ಪುಟಾಣಿ ರೈಲು. ಕಿಟಕಿ ಪಕ್ಕ ಪುಸ್ತಕ ಹಿಡಿದು ಕೂತ ಚೆಲುವೆ. ರೈಲಿನ ಜೊತೆಜೊತೆಗೇ ಓಡುವ ತೆರೆದ ಜೀಪು. ಸ್ಟೀರಿಂಗ್ ಹಿಡಿದವನು ಸುಜಿತ್ ಕುಮಾರ್, ಹಾಡುವವನು ರಾಜೇಶ್ ಖನ್ನಾ, ಕಂಠ ಕಿಶೋರ್ ಕುಮಾರನದು. (1972ರಲ್ಲಿ ನಮ್ಮ ದ್ವಾರಕೀಶರ 'ಕುಳ್ಳ ಏಜೆಂಟ್ 000'ಕ್ಕೆ ಕನ್ನಡದಲ್ಲಿ ಹಾಡಿದನಲ್ಲ, ಅದೇ ಕಿಶೋರ್!) ಪುಸ್ತಕದ ಮರೆಯಿಂದ ಅವಳು ನೋಡೋದು, ನೋಡಲೇ ಇಲ್ಲ ಅನ್ನೋ ಹಾಗೆ ನಗೋದು... ಆ ಒಂದು ಹಾಡು ಎಷ್ಟು ಪಡ್ಡೆ ಹುಡುಗರ ನಿದ್ದೆ ಕೆಡಿಸಿತೋ, ಲೆಕ್ಕ ಇಟ್ಟವರಿಲ್ಲ. ಅವಳ ಕೈಯಲ್ಲಿದ್ದ ಪುಸ್ತಕ ಅಲಿಸ್ಟರ್ ಮೆಕ್ಲೀನನ ಪತ್ತೇದಾರಿ ಕಾದಂಬರಿ ಅನ್ನೋದನ್ನು ಕೂಡ ಪತ್ತೆ ಹಚ್ಚಿದ ಭೂಪರಿದ್ದಾರೆ!

ಗುಟ್ಟು ಇಷ್ಟೇ. ನಿರ್ದೇಶಕ ಶಕ್ತಿ ಸಾಮಂತರು ಡಾರ್ಜಿಲಿಂಗಿನಲ್ಲಿ ಈ ಹಾಡು ತೆಗೆಯುವಾಗ ಶರ್ಮಿಳಾ ಕಾಲ್‌ಷೀಟು ಸತ್ಯಜಿತ್ ರಾಯ್ ಅವರ 'ಅರಣ್ಯೇರ್ ದಿನ್ ರಾತ್ರಿ' ಚಿತ್ರಕ್ಕೆ ಹೋಗಿತ್ತು. ಹಾಗಾಗಿ ನಾಯಕನ ಪಾಲನ್ನು ಬೆಟ್ಟದಲ್ಲಿ ತೆಗೆದರು. ನಾಯಕಿಯ ಪಾಲನ್ನು ಬೊಂಬಾಯಿಯ ಸ್ಟುಡಿಯೋದಲ್ಲಿ, ಸೆಟ್ಟಿನ ಬೋಗಿಯಲ್ಲಿ ಕೂರಿಸಿ ತೆಗೆದರು. ಇಬ್ಬರನ್ನೂ ಒಂದು ಮಾಡಿದ್ದು ಸಂಕಲನಕಾರನ ಕತ್ತರಿ!

ಇದೆಲ್ಲ ನನಗೆ ಗೊತ್ತಿತ್ತು. ಪತ್ರಿಕೆಗೆ ಬರೆಯೋನಿಗೆ ಇಂಥವು ಗೊತ್ತಿರಲೇಬೇಕು. ಕಷ್ಟ ಏನಪ್ಪಾ ಅಂದರೆ, ಆ ರೈಲು ನೋಡಲು ನನ್ನ ಜೊತೆ ಹೊರಟಿದ್ದು ನನ್ನಪ್ಪ.

ಹದಿನೆಂಟರ ಹರೆಯದಲ್ಲಿ ಅಪ್ಪ ಅರಸೀಕೆರೆ ಕಡೆಯ ಒಂದು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್. ಕಾರ್ಬನ್ ಕಡ್ಡಿ ಉರಿಸಿ ಪಿಕ್ಚರ್ ಓಡಿಸುತ್ತಿದ್ದ ಕಾಲ. ಎಲ್ಲೆಲ್ಲೋ ಓಡಿ ಗೀರು ಬಿದ್ದ 'ಆರಾಧನಾ' ಪ್ರಿಂಟು ಕೊನೆಗೆ ಅವರ ಟೆಂಟಿಗೂ ಬಂತು. ಗಾಂಧಿ ಕ್ಲಾಸಿನವರು ರೈಲಿನ ಹಾಡಿಗೆ 'ಒನ್ಸ್ ಮೋರ್' ಕೂಗಿದರೆ ಅಪ್ಪ ರೀಲು ಹಿಂದಕ್ಕೆ ಸುತ್ತಿ ಮತ್ತೆ ಹಾಕುತ್ತಿದ್ದನಂತೆ. ಈಗ ಅರವತ್ತು ದಾಟಿದ್ದಾನೆ, ಮೊಣಕಾಲು ಹಿಡಿದುಕೊಳ್ಳುತ್ತೆ. ಆದರೂ ಆಸೆ ಒಂದೇ. "ಆ ರೈಲು ಒಂದ್ಸಲ ನೋಡ್ಬೇಕು ಕಣೋ."

ನಾಯಕಿ ಅಲ್ಲಿಗೆ ಬಂದೇ ಇರಲಿಲ್ಲ ಅಂತ ಹೇಳೋದಾ, ಬಿಡೋದಾ? ಬೆಂಗಳೂರಿಂದ ಹೌರಾ, ಹೌರಾದಿಂದ ನ್ಯೂ ಜಲಪಾಯ್‌ಗುರಿ, ಅಷ್ಟೂ ದಾರಿ ಇದೇ ಯೋಚನೆ!

ಮುಖ ತೋರಿಸದ ನಾಯಕಿ

ಕೆಳಗಿನಿಂದ ಡಾರ್ಜಿಲಿಂಗಿಗೆ ಪುಟಾಣಿ ರೈಲಿನಲ್ಲಿ 88 ಕಿ.ಮೀ. ಹೆಚ್ಚುಕಮ್ಮಿ ಇಡೀ ದಿನದ ಪ್ರಯಾಣ. ಅಪ್ಪನ ಕಾಲು ನೆನೆದು ಶೇರ್ ಜೀಪು ಹತ್ತಿಸಿದೆ. ದಾರಿಯಲ್ಲೇ ಒಂದು ಸಂಗತಿ ಅರ್ಥ ಆಯ್ತು. ಇಲ್ಲಿ ರೈಲು ಹಳಿ ರಸ್ತೆಯ ಮಗ್ಗುಲಲ್ಲೇ ಇದೆ! ಮೊದಲು ಎತ್ತಿನಗಾಡಿಗೆಂದು ಬೆಟ್ಟ ಕಡಿದು ರಸ್ತೆ ಮಾಡಿದ್ದರು. 1881ರಲ್ಲಿ ರೈಲು ಬಂದಾಗ ಅದೇ ರಸ್ತೆಯ ಅಂಚಿಗೆ ಹಳಿ ಹಾಸಿದರು. ಹಳಿಯಿಂದ ಹಳಿಗೆ ಅಂತರ ಬರೀ ಎರಡಡಿ. ಅಂಗಡಿ ಬಾಗಿಲು, ಮನೆ ಜಗುಲಿ ಸವರಿಕೊಂಡೇ ಹೋಗುತ್ತೆ, ಸಾಲದ್ದಕ್ಕೆ ರಸ್ತೆಯನ್ನು ಅತ್ತಿಂದಿತ್ತ ದಾಟುತ್ತಾ ಇರುತ್ತೆ. ರಾಜೇಶ್ ಖನ್ನಾ ಜೀಪು ರೈಲಿನ ಪಕ್ಕ ಓಡಿದ್ದು ಸಿನಿಮಾ ಸುಳ್ಳಲ್ಲ ಸ್ವಾಮಿ, ಅದು ದಿನನಿತ್ಯದ ವ್ಯವಹಾರ!

ಮಾರನೇ ದಿನ ಬೆಳಗಿನ ಜಾವ ನಾಲ್ಕಕ್ಕೆ ಟೈಗರ್ ಹಿಲ್. ಊರಿಂದ 11 ಕಿ.ಮೀ., ಎತ್ತರ 2,590 ಮೀಟರ್. ಅಲ್ಲಿ ಸೂರ್ಯ ಹುಟ್ಟುವಾಗ ಕಾಂಚನಜುಂಗಾ ಹೊನ್ನಾಗುತ್ತೆ ಅಂತ ಪ್ರತೀತಿ. 8,586 ಮೀಟರ್, ಜಗತ್ತಿನ ಮೂರನೇ ಎತ್ತರದ ಶಿಖರ. 1955ರಲ್ಲಿ ಮೊದಲು ಹತ್ತಿದ ಇಬ್ಬರು ಇಂಗ್ಲಿಷರು ತುದಿಗೆ ಕೆಲವೇ ಅಡಿ ಇರುವಾಗ ನಿಂತುಬಿಟ್ಟರು. ಸಿಕ್ಕಿಮಿನ ಜನಕ್ಕೆ ಅದು ದೇವರು, ನೆತ್ತಿ ತುಳಿಯಬಾರದು ಅಂತ ಮಾತು ಕೊಟ್ಟಿದ್ದರು. ಇಂಥ ಬೆಟ್ಟ ನಮಗೆ ಕಂಡಿತಾ? ಊಹುಂ! ಮಂಜು, ಮಂಜಿನ ಹಿಂದೆ ಇನ್ನಷ್ಟು ಮಂಜು. ಅಪ್ಪ ಮಂಕಿ ಕ್ಯಾಪ್ ಎಳೆದುಕೊಂಡು, "ಲೈಟ್ ಆರೋಗಿದೆ, ಜನರೇಟರ್ ಕರೆಸಿ" ಅಂದ.

ಇದೇ ಆಟವನ್ನು ರಾಯ್ ಸಾಹೇಬರು 1962ರಲ್ಲೇ ತೆರೆಗೆ ತಂದಿದ್ದರು. ಚಿತ್ರದ ಹೆಸರೇ 'ಕಾಂಚನಜುಂಗಾ', ಅವರ ಮೊದಲ ವರ್ಣಚಿತ್ರ. ರಜೆ ಕಳೆಯಲು ಬಂದ ಸಿರಿವಂತ ಕುಟುಂಬ ಚಿತ್ರವಿಡೀ ಇದೇ ಬೀದಿಗಳಲ್ಲಿ ಅಡ್ಡಾಡುತ್ತೆ. ಬೆಟ್ಟ ಮಂಜಿನ ಹಿಂದೆ ಅಡಗಿರುತ್ತೆ. ಕೊನೆಗೆ ಮಂಜು ಸರಿದು ಶಿಖರ ಥಳಥಳ ಹೊಳೆಯುವಾಗ ಮನೆಯ ಯಜಮಾನ ಛಬಿ ಬಿಸ್ವಾಸ್ ಅದರ ಕಡೆ ತಿರುಗೋದೇ ಇಲ್ಲ! ಹಿಂದಿ ಹಾಡಿಗಷ್ಟೇ ಡಾರ್ಜಿಲಿಂಗ್ ಅಂದುಕೊಂಡವರು ಈ ಚಿತ್ರ ಒಮ್ಮೆ ನೋಡಿ.

ಉಳಿದದ್ದು ಬೇಗ ಹೇಳ್ತೀನಿ. ಶಾರುಖ್ ಖಾನನ 'ಮೈ ಹೂಂ ನಾ' (2004) ಚಿತ್ರದ ಕಾಲೇಜು ಅಸಲಿಗೆ ಇಲ್ಲಿನ ಸೇಂಟ್ ಪಾಲ್ಸ್ ಶಾಲೆ. ಗೇಟಿನ ಆಚೆಯಿಂದಲೇ ಕೈ ಮುಗಿದು ಬಂದೆ. 'ಬರ್ಫಿ'ಯಲ್ಲಿ (2012) ರಣಬೀರ್ ಅಲೆದ ಬೀದಿಗಳಲ್ಲಿ ನಾವೂ ಅಲೆದೆವು. 'ಗಾನ್ ವಿತ್ ದ ವಿಂಡ್' ನಾಯಕಿ ವಿವಿಯನ್ ಲೀ 1913ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ, ಗೊತ್ತಾ? ಮೃಗಾಲಯದಲ್ಲಿ ಕೆಂಪು ಪಾಂಡಾ ಮರದ ಮೇಲೆ ಬಾಲ ಇಳಿಬಿಟ್ಟು ಮಲಗಿತ್ತು. ಅದರ ಆವರಣದಲ್ಲೇ 1954ರಲ್ಲಿ ಶುರುವಾದ ಪರ್ವತಾರೋಹಣ ಸಂಸ್ಥೆ. ಎವರೆಸ್ಟ್ ಏರಿ ಬಂದ ತೇನ್‌ಸಿಂಗ್ ಅಲ್ಲಿ ಹುಡುಗರಿಗೆ ಬೆಟ್ಟ ಹತ್ತೋದು ಕಲಿಸಿದರು. ಅವರ ಪ್ರತಿಮೆ ಮುಂದೆ ಅಪ್ಪ ಬಹಳ ಹೊತ್ತು ನಿಂತ. "ಈತ ಡೂಪ್ ಇಲ್ದೆ ಹತ್ತಿದೋನು" ಅಂದ.

ಘೂಮ್ ಸ್ಟೇಷನ್ನಿನ ಚಹಾ

ಮೂರನೇ ದಿನ ರೈಲು. ಡಾರ್ಜಿಲಿಂಗಿನಿಂದ ಘೂಮ್‌ಗೆ ಹೋಗಿ ವಾಪಸು, ಸುಮಾರು ಎರಡು ತಾಸು. ಡೀಸೆಲ್ಲಿಗಿಂತ ಉಗಿ ಎಂಜಿನ್ನಿಗೆ ದುಬಾರಿ. ಆದರೂ ಉಗಿಯದ್ದೇ ಆಗಬೇಕು ಅಂತ ಅಪ್ಪನ ಹಟ. ಕಿಟಕಿ ಪಕ್ಕ ಕೂತ ಅಪ್ಪ ಹೊರಗೆ ನೋಡಿದ್ದಕ್ಕಿಂತ ಎಂಜಿನ್ ಕಡೆ ಕತ್ತು ಚಾಚಿದ್ದೇ ಹೆಚ್ಚು. ಮುಂಭಾಗದಲ್ಲಿ ಇಬ್ಬರು ಕೂತು ಹಳಿ ಜಾರದ ಹಾಗೆ ಮರಳು ಉದುರಿಸುತ್ತಿದ್ದರು. ಇನ್ನೊಬ್ಬ ಕಲ್ಲಿದ್ದಲು ಒಡೆದು ಕೊಡುತ್ತಿದ್ದ. ಹಾಡಿನಲ್ಲಿ ಇವರು ಯಾರಿಗೆ ನೆನಪಿದ್ದಾರೆ ಹೇಳಿ?

ಬತಾಸಿಯಾದಲ್ಲಿ ರೈಲು ತನ್ನನ್ನೇ ತಾನು ಸುತ್ತಿ ಇಳಿಜಾರು ಗೆಲ್ಲುತ್ತೆ. 1919ರಲ್ಲಿ ಮಾಡಿದ ಸುತ್ತು. ಅಲ್ಲಿ ಹತ್ತು ನಿಮಿಷ ನಿಲುಗಡೆ. ಯುದ್ಧದಲ್ಲಿ ಮಡಿದ ಗೂರ್ಖಾ ಯೋಧರ ಸ್ಮಾರಕವಿದೆ. ಅಷ್ಟರಲ್ಲಿ ಯಾರೋ ಕೂಗಿದರು. ಮಂಜು ಹರಿದಿತ್ತು. ಆಕಾಶದ ಅರ್ಧದಲ್ಲಿ, ನಾವು ಹುಡುಕಿದ್ದಕ್ಕಿಂತ ಎಷ್ಟೋ ಮೇಲೆ, ಬೆಳ್ಳಗೆ ಬೆಟ್ಟ! ನನಗೆ ಮೈ ಜುಂ ಅಂತು. ಎಲ್ಲರೂ ಮೊಬೈಲು ಹಿಡಿದು ಓಡಿದರು. ಅಪ್ಪ? ಎಂಜಿನ್ ಹತ್ತಿರ ನಿಂತು, ಬಾರದ ಹಿಂದಿಯಲ್ಲಿ ಮರಳಿನವನ ಜೊತೆ ಮಾತು! "ಅಪ್ಪಾ, ಬೆಟ್ಟ!" ಅಂತ ಕೂಗಿದೆ. ಒಮ್ಮೆ ತಲೆ ಎತ್ತಿ ನೋಡಿ, "ಹ್ಞೂಂ, ಚೆನ್ನಾಗಿದೆ" ಅಂದು ಮತ್ತೆ ಬಾಯ್ಲರ್ ಕಡೆ ತಿರುಗಿದ. ಛಬಿ ಬಿಸ್ವಾಸ್ ನೆನಪಾದರು.

ಘೂಮ್ ಭಾರತದ ಅತಿ ಎತ್ತರದ ರೈಲ್ವೆ ಸ್ಟೇಷನ್, 7,407 ಅಡಿ. ಚಳಿಗೆ ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದೆವು. ಇನ್ನು ತಡೆಯಲಾರದೆ ಹೇಳಿಬಿಟ್ಟೆ.

"ಅಪ್ಪಾ... ಶರ್ಮಿಳಾ ಈ ರೈಲಲ್ಲಿ ಕೂತಿರಲೇ ಇಲ್ಲ."

ಅಪ್ಪ ಚಹಾ ಊದಿ ಕುಡಿದ. "ಗೊತ್ತು."

"ಹೆಂಗೆ?"

"ಎರಡು ವಾರ ಓಡಿಸಿದೀನಿ, ಒನ್ಸ್ ಮೋರ್ ಬೇರೆ. ಜೀಪಿನ ಮೇಲಿನ ಬೆಳಕೇ ಒಂದು, ಅವಳ ಮುಖದ ಮೇಲಿನ ಬೆಳಕೇ ಒಂದು. ಬಿಸಿಲಲ್ಲಿ ಕೂತೋಳ ಮುಖ ಹಂಗಿರುತ್ತೇನೋ? ಮೂರನೇ ದಿನಕ್ಕೇ ಗೊತ್ತಾಯ್ತು."

"ಯಾರಿಗೂ ಹೇಳ್ಲಿಲ್ವಾ?"

"ಗೇಟ್‌ಕೀಪರ್‌ಗೆ ಹೇಳ್ದೆ. ಹೊಡೆಯೋಕೇ ಬಂದ!"

"ಮತ್ತೆ ಇಷ್ಟು ದೂರ ಯಾಕೆ ಬಂದೆ?"

"ರೈಲು ನೋಡೋಕೆ. ಶರ್ಮಿಳಾನ ನೋಡೋಕೆ ಅಂತ ಯಾರು ಹೇಳಿದ್ರು ನಿಂಗೆ?"

ನನ್ನ ಬಾಯಿ ಮುಚ್ಚಿತು. ವಾಪಸು ಹೊರಡಲು ಸೀಟಿ ಆದಾಗ ಅಪ್ಪ ಕಿಟಕಿ ಪಕ್ಕ ಸರಿಯಾಗಿ ಕೂತು, "ಒಂದು ಫೋಟೋ ಹೊಡಿ. ಕೈಲಿ ಪುಸ್ತಕ ಇರ್ಬೇಕು" ಅಂದ. ಪುಸ್ತಕ ಎಲ್ಲಿಂದ ತರೋದು? ನನ್ನ ಚೀಲದಲ್ಲಿ ಇದ್ದದ್ದು ನಮ್ಮ ಪತ್ರಿಕೆಯ ಹಳೇ ಸಂಚಿಕೆ. ಅದನ್ನೇ ಮುಖಕ್ಕೆ ಅಡ್ಡ ಹಿಡಿದು, ಅಂಚಿನಿಂದ ಕಣ್ಣಷ್ಟೇ ಇಣುಕಿಸಿ ಕೂತ.

ಆ ಫೋಟೋ ಸಂಪಾದಕರ ಮೇಜಿನ ಮೇಲಿದೆ. ಜಾಗ ಉಳಿದರೆ ಹಾಕ್ತೀನಿ ಅಂದಿದ್ದಾರೆ.